ಚೆಂಗ್ಡುವಿನಿಂದ ಎರಡು ದಿನದಲ್ಲಿ

ಪ್ರಶ್ನೆ: ಚೀನಾದ ಚೆಂಗ್ಡುವಿನಲ್ಲಿ ಎರಡು ದಿನ ಬಿಡುವಿದೆ. ಲೆಶಾನ್ ಬುದ್ಧ, ಎಮೈ ಬೆಟ್ಟ ಎರಡನ್ನೂ ನೋಡಬಹುದೇ? ಅಮ್ಮನಿಗೆ ಮಂಡಿನೋವು. ನಾವು ಸಸ್ಯಾಹಾರಿಗಳು.

ಉತ್ತರ: ನೋಡಬಹುದು, ಆದರೆ ಒಂದೇ ದಿನದಲ್ಲಿ ಬೇಡ. ಲೆಶಾನ್‌ಗೆ ವೇಗದ ರೈಲಿನಲ್ಲಿ ಸುಮಾರು ಒಂದು ತಾಸು. ಟಿಕೆಟ್‌ಗೂ ನಿಲ್ದಾಣದ ಪ್ರವೇಶಕ್ಕೂ ಪಾಸ್‌ಪೋರ್ಟ್ ಬೇಕೇ ಬೇಕು.

ಬುದ್ಧನ ಎತ್ತರ 71 ಮೀಟರ್, ನಮ್ಮ ಶ್ರವಣಬೆಳಗೊಳದ ಗೊಮ್ಮಟನ ನಾಲ್ಕು ಪಟ್ಟು. 713ರಲ್ಲಿ ಹೈಟಾಂಗ್ ಎಂಬ ಭಿಕ್ಷು ಶುರು ಮಾಡಿದ ಕೆತ್ತನೆ 803ರಲ್ಲಿ ಮುಗಿಯಿತು. ತಲೆಗೂದಲಿನ ಸುರುಳಿಗಳ ನಡುವೆ ಮಳೆನೀರು ಹರಿದುಹೋಗುವ ಕಾಲುವೆಗಳಿವೆ. ಮೆತ್ತನೆಯ ಮರಳುಗಲ್ಲು ಇಷ್ಟು ಕಾಲ ಉಳಿಯಲು ಅವೂ ಕಾರಣ. ತಲೆಯಿಂದ ಪಾದಕ್ಕೆ ಇಳಿಯುವ ಮೆಟ್ಟಿಲು ಕಡಿದು, ಕಿರಿದು. ಸಾಲಿಗೆ ಸೇರಿದ ಮೇಲೆ ಹಿಂದಿರುಗುವುದು ಕಷ್ಟ. ಅಮ್ಮನಿಗೆ ದೋಣಿಯೇ ಸರಿ. ಇಡೀ ವಿಗ್ರಹ ಎದುರಿನಿಂದ ಕಾಣುವುದೂ ನದಿಯಿಂದಲೇ.

ರಾತ್ರಿ ಎಮೈ ಪಟ್ಟಣದಲ್ಲಿ ತಂಗಿ. ಬೆಳಗಿನ ಬಸ್ಸಿನಲ್ಲಿ ಬೆಟ್ಟದ ಮೇಲಿನ ಬಸ್ ನಿಲ್ದಾಣವಾದ ಲೈಡಾಂಗ್‌ಪಿಂಗ್ ತಲುಪಲು ಸುಮಾರು ಎರಡು ತಾಸು. ಅಲ್ಲಿಂದ ಕೇಬಲ್ ಕಾರಿಗೂ ಮೆಟ್ಟಿಲು ಹತ್ತಬೇಕು. ಹಲವರು ಎಡವುವುದು ಇಲ್ಲೇ, ಬಸ್ಸು ನೇರ ಬಾಗಿಲಿಗೆ ಬಿಡುತ್ತದೆಂದು ನಂಬಿ. ಶಿಖರ 3,000 ಮೀಟರ್‌ಗಿಂತ ಎತ್ತರ, ಬೇಸಿಗೆಯಲ್ಲೂ ಸ್ವೆಟರ್ ಇರಲಿ. ಕೋತಿಗಳಿವೆ, ತಿಂಡಿಯ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ.

ಊಟಕ್ಕೆ ಚೆಂಗ್ಡುವಿನ ವೆನ್‌ಶು ವಿಹಾರದ ಸಸ್ಯಾಹಾರಿ ಭೋಜನಾಲಯ. ವೆನ್‌ಶು ಎಂದರೆ ಮಂಜುಶ್ರೀ ಬೋಧಿಸತ್ವ. ಹೊರಗಿನ ಹೋಟೆಲುಗಳ ಮಾಪೊ ತೋಫುವಿನಲ್ಲಿ (ಸೋಯಾ ಪನೀರಿನ ಖಾರದ ಖಾದ್ಯ) ಸಾಮಾನ್ಯವಾಗಿ ಕೊಚ್ಚಿದ ಮಾಂಸ ಇರುತ್ತದೆ, ಕೇಳಿಯೇ ತಿನ್ನಿ. ಅಕ್ಟೋಬರ್ ಮೊದಲ ವಾರ ಮಾತ್ರ ಹೋಗಬೇಡಿ; ರಾಷ್ಟ್ರೀಯ ರಜೆ, ಕಾಲಿಡಲು ಜಾಗವಿರದು.