ಹಕ್ಕಿ ಕಂಡಿತು, ಯಾರಿಗೆ ಹೇಳಲಿ?

ಪ್ರಶ್ನೆ: ನಮ್ಮೂರ ಹತ್ತಿರ ಒಂದು ಹಳೇ ಕಲ್ಲು ಕ್ವಾರಿ ಇದೆ, ಈಗ ಅಲ್ಲಿ ಕೆಲಸ ನಿಂತಿದೆ. ಹೋದ ವಾರ ತಪ್ಪಿಸಿಕೊಂಡ ಕುರಿ ಹುಡುಕುತ್ತಾ ಅಲ್ಲಿಗೆ ಹೋದಾಗ ಬಂಡೆ ಅಂಚಿನಿಂದ ಕೊಂಬಿನ ಗೂಬೆ ಎದ್ದು ಹಾರಿತು. ನೋಡಿದರೆ ಬರೀ ಮಣ್ಣಿನ ಮೇಲೆ ಮೂರು ಮೊಟ್ಟೆ. ವಿಡಿಯೊ ಮಾಡಿ ಒಂದು ಫೋಟೊಗ್ರಫಿ ಗ್ರೂಪಿಗೆ ಹಾಕಿದೆ. ಎಲ್ಲರೂ ಲೊಕೇಶನ್ ಕೇಳಿದರು, ಒಬ್ಬರಿಗೆ ಕಳಿಸಿದೆ. ಭಾನುವಾರ ಎರಡು ಕಾರು ಬಂದವು. ನಾನು ತಪ್ಪು ಮಾಡಿದೆನಾ? ಕಂಡ ಹಕ್ಕಿಯನ್ನು ದಾಖಲಿಸಿ ಅಂತ ನೀವೇ ಬರೆಯುತ್ತೀರಿ, ಅಲ್ವಾ?
— ಒಬ್ಬ ಓದುಗ

ಉತ್ತರ: ಮೊದಲು ಒಂದು ಮಾತು. ನಿಮ್ಮ ಪತ್ರದಲ್ಲಿದ್ದ ಹೆಸರು, ಊರು, ತಾಲ್ಲೂಕು ಮೂರನ್ನೂ ತೆಗೆದೇ ಇಲ್ಲಿ ಹಾಕಿದ್ದೇನೆ. ಈ ಅಂಕಣ ಓದಿ ಮೂರನೇ ಕಾರು ಬರಬಾರದು.

ದಾಖಲಿಸಿದ್ದು ತಪ್ಪಲ್ಲ. ಗೂಡಿನ ಜಾಗವನ್ನು, ಅದೂ ಮೊಟ್ಟೆ ಇರುವಾಗಲೇ, ಗೊತ್ತಿಲ್ಲದವರಿಗೆ ಕಳಿಸಿದ್ದು ತಪ್ಪು. ನಾನೂ ಇದೇ ತಪ್ಪು ಮಾಡಿದ್ದೇನೆ. ಬಹಳ ವರ್ಷದ ಹಿಂದೆ ಕೆರೆ ಅಂಗಳದಲ್ಲಿದ್ದ ಟಿಟ್ಟಿಭದ ಗೂಡೊಂದನ್ನು ನಾಲ್ಕು ಜನ ಸ್ನೇಹಿತರಿಗೆ ತೋರಿಸಿದೆ, ಅವರು ಇನ್ನಷ್ಟು ಜನರನ್ನು ಕರೆತಂದರು, ಎಲ್ಲರೂ ಹಕ್ಕಿ ಮೇಲೆ ಪ್ರೀತಿ ಇದ್ದವರೇ. ವಾರ ಕಳೆಯುವಷ್ಟರಲ್ಲಿ ಗೂಡು ಖಾಲಿ. ನಾಯಿ ತಿಂತೋ, ಕಾಗೆ ತಿಂತೋ ಗೊತ್ತಿಲ್ಲ, ಆದರೆ ಅಲ್ಲಿಗೆ ದಾರಿ ಮಾಡಿಕೊಟ್ಟಿದ್ದು ನಾವೇ ಅಂತ ಇವತ್ತಿಗೂ ಅನ್ನಿಸುತ್ತದೆ.

ಕೊಂಬಿನ ಗೂಬೆ ಕಡ್ಡಿ ಸೇರಿಸಿ ಗೂಡು ಕಟ್ಟುವುದಿಲ್ಲ. ಬಂಡೆ ಸಂದಿಯಲ್ಲೋ ಅಂಚಿನಲ್ಲೋ ಮಣ್ಣು ಕೆರೆದು ಅಲ್ಲೇ ಮೊಟ್ಟೆ ಇಡುತ್ತದೆ. ಸುಮಾರು ಒಂದು ತಿಂಗಳು ಕಾವು ಕೊಡಬೇಕು. ಜನ ಹತ್ತಿರ ಹೋದರೆ ತಾಯಿ ಎದ್ದು ಹಾರುತ್ತದೆ, ಮೊಟ್ಟೆ ಬಿಸಿಲಿಗೆ ಬೀಳುತ್ತದೆ, ಕಲ್ಲು ಕಾದ ಜಾಗದಲ್ಲಿ ಬಿಸಿಲು ಎಷ್ಟಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹಗಲಲ್ಲಿ ಹೊರಗೆ ಕಂಡ ಗೂಬೆಯನ್ನು ಕಾಗೆಗಳು ಸುಮ್ನೆ ಬಿಡುವುದಿಲ್ಲ, ಗುಂಪು ಕಟ್ಟಿಕೊಂಡು ಅಟ್ಟಿಸಿಕೊಂಡು ಹೋಗುತ್ತವೆ. ಅಷ್ಟು ಹೊತ್ತು ಗೂಡು ಕಾಯುವವರಿಲ್ಲ.

ಇನ್ನೊಂದು ವಿಷಯ ಬರೆಯಲು ಕಷ್ಟವಾಗುತ್ತದೆ, ಆದರೂ ಬರೆಯಲೇಬೇಕು. ಗೂಬೆಗಳನ್ನು ಮಾಟ ಮಂತ್ರಕ್ಕೆ ಅಂತ ಹಿಡಿದು ಮಾರುವವರು ನಮ್ಮಲ್ಲಿದ್ದಾರೆ, ದೀಪಾವಳಿ ಹತ್ತಿರ ಬಂದಾಗ ಇದು ಜಾಸ್ತಿ. ನೀವು ಕಳಿಸಿದ ಪಿನ್ ಎಷ್ಟು ಕೈ ದಾಟಿ ಎಲ್ಲಿಗೆ ಮುಟ್ಟುತ್ತದೆ ಅಂತ ನಿಮಗೂ ಗೊತ್ತಾಗುವುದಿಲ್ಲ, ನಿಮ್ಮ ಗ್ರೂಪಿನ ಅಡ್ಮಿನ್‌ಗೂ ಗೊತ್ತಾಗುವುದಿಲ್ಲ.

ಈಗ ಏನು ಮಾಡಬೇಕು? ಗ್ರೂಪಿನಲ್ಲಿರುವ ವಿಡಿಯೊ ಅಳಿಸಿ. ಅಳಿಸಲು ಆಗದಿದ್ದರೆ ಅಡ್ಮಿನ್‌ಗೆ ಹೇಳಿ ತೆಗೆಸಿ. ಲೊಕೇಶನ್ ಕಳಿಸಿದವರಿಗೆ ಫೋನ್ ಮಾಡಿ, ಇನ್ನು ಯಾರಿಗೂ ಕೊಡಬೇಡಿ ಅಂತ ನೇರವಾಗಿ ಕೇಳಿಕೊಳ್ಳಿ. ಮುಂದಿನ ಭಾನುವಾರವೂ ಕಾರು ಬಂದರೆ, ಗೂಡಿನ ಹತ್ತಿರ ಹೋಗಬೇಡಿ ಅಂತ ಹೇಳುವ ಹಕ್ಕು ನಿಮಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಬಂದೂಕು ಹಿಡಿಯುವುದಷ್ಟೇ ಅಲ್ಲ, ಕಾಡುಹಕ್ಕಿಯ ಮೊಟ್ಟೆಗೋ ಗೂಡಿಗೋ ತೊಂದರೆ ಕೊಡುವುದೂ ಅದರೊಳಗೇ ಬರುತ್ತದೆ. ಮಾತು ಕೇಳದಿದ್ದರೆ ನಿಮ್ಮ ವಲಯ ಅರಣ್ಯಾಧಿಕಾರಿಗೆ ತಿಳಿಸಿ. ಮತ್ತೆ ನೀವು ಕೂಡ ಆ ಕಡೆ ದಿನಾ ಹೋಗಿ ನೋಡಬೇಡಿ. ಇದು ಕಷ್ಟ, ಗೊತ್ತು, ಮೊಟ್ಟೆ ಒಡೆಯಿತಾ ಅಂತ ಮನಸ್ಸು ಎಳೆಯುತ್ತದೆ. ದೂರದ ದಿಬ್ಬದಿಂದ ಬೈನಾಕ್ಯುಲರ್‌ನಲ್ಲಿ ನೋಡಿ, ಸಾಕು.

ದಾಖಲೆ ಮಾತ್ರ ಬಿಡಬೇಡಿ. ಇವತ್ತೇ ನೋಟ್‌ಬುಕ್‌ನಲ್ಲಿ ತಾರೀಖು, ಹೊತ್ತು, ಮೊಟ್ಟೆ ಎಷ್ಟು, ಬಂಡೆ ಯಾವ ದಿಕ್ಕಿಗೆ ಮುಖ ಮಾಡಿದೆ, ಎಲ್ಲ ಬರೆದಿಡಿ. ಕಂಡ ಹಕ್ಕಿಗಳ ಪಟ್ಟಿ ಹಾಕುವ ಇ-ಬರ್ಡ್ ಅನ್ನೋ ಜಾಲತಾಣಕ್ಕೆ ಮರಿಗಳು ಹಾರಿಹೋದ ಮೇಲೆ ಹಾಕಿ. ನಾಲ್ಕು ತಿಂಗಳು ತಡವಾಗಿ ಹಾಕಿದರೂ ನೀವು ನೋಡಿದ ದಿನದ ತಾರೀಖನ್ನೇ ಕೊಡಬಹುದು, ಆದ್ದರಿಂದ ಮಾಹಿತಿ ಏನೂ ಹಾಳಾಗುವುದಿಲ್ಲ. ತೀರಾ ಅಪಾಯದಲ್ಲಿರುವ ಕೆಲವು ಜಾತಿಗಳ ಜಾಗವನ್ನು ಇ-ಬರ್ಡ್ ತಾನೇ ಮರೆಮಾಡುತ್ತದೆ, ಆದರೆ ಎಲ್ಲ ಹಕ್ಕಿಗೂ ಹಾಗೆ ಮಾಡುವುದಿಲ್ಲ, ಅದನ್ನು ನಂಬಿಕೊಂಡು ಕೂರಬೇಡಿ.

ಫೋಟೊ ವಿಷಯ. ಮೊಬೈಲ್ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆನ್ ಇದ್ದರೆ ತೆಗೆದ ಜಾಗ ಫೋಟೊದೊಳಗೇ ಉಳಿಯುತ್ತದೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಫೋಟೊ ಕಳಿಸಿದರೆ ಅದು ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿದರೆ ಹಾಗೇ ಹೋಗುತ್ತದೆ. ಹಿಂದುಗಡೆ ಗುಡಿ ಗೋಪುರವೋ ಮೊಬೈಲ್ ಟವರೋ ಕಂಡರೆ ಸುತ್ತಮುತ್ತಲಿನವರಿಗೆ ಅದೂ ವಿಳಾಸವೇ.

ಹಾಗಾದರೆ ಎಲ್ಲ ಗೂಡನ್ನೂ ಮುಚ್ಚಿಡಬೇಕಾ? ಇಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಎರಡೂ ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಎಲ್ಲರಿಗೂ ಗೊತ್ತು. ಅಲ್ಲಿ ಗುಟ್ಟು ಬೇಕಾಗಿಲ್ಲ, ಊರಿಗೆ ಊರೇ ಕಾವಲಿಗಿದೆ, 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಅಂತ ಘೋಷಿಸಿದ್ದೂ ಅದಕ್ಕೇ. ನಿಮ್ಮ ಕ್ವಾರಿಯ ಗೂಬೆಗೆ ಸದ್ಯಕ್ಕೆ ನೀವೊಬ್ಬರೇ ಇದ್ದೀರಿ.

ಪ್ರಶ್ನೆ: ಶಿರಸಿ ಕಡೆಯವಳು. ಅಡುಗೆಮನೆ ಕಿಟಕಿಯಿಂದ ದಿನಾ ಹಕ್ಕಿ ನೋಡುತ್ತೇನೆ. ಆದರೆ ಬರುವುದೆಲ್ಲ ಕಾಗೆ, ಪಿಕಳಾರ, ಮಡಿವಾಳ, ಕಾಜಾಣ. ಇಂಗ್ಲಿಷ್ ಹೆಸರು ಗೊತ್ತಿಲ್ಲ. ಇದನ್ನೆಲ್ಲ ಬರೆದು ಯಾರಿಗೇನು ಉಪಯೋಗ?
— ಗೃಹಿಣಿ

ಉತ್ತರ: ಬಹಳ ಉಪಯೋಗ ಇದೆ, ದಯವಿಟ್ಟು ಬರೆಯಿರಿ! 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ನಿಂತಿರುವುದೇ ನಿಮ್ಮಂಥವರ ಪಟ್ಟಿಗಳ ಮೇಲೆ. 30 ಸಾವಿರಕ್ಕೂ ಹೆಚ್ಚು ಜನ ನೋಡಿ ಬರೆದದ್ದನ್ನು ಸೇರಿಸಿ 942 ಜಾತಿಗಳ ಸ್ಥಿತಿ ಅಳೆದರು. ನಮ್ಮ ರಾಜ್ಯಪಕ್ಷಿ ನೀಲಕಂಠ ಕಡಿಮೆಯಾಗುತ್ತಿದೆ ಅಂತ ಗೊತ್ತಾಗಿದ್ದು ಹಾಗೆಯೇ. ಕರೆಂಟ್ ತಂತಿ ಮೇಲೆ ಕೂತಿರುತ್ತಿದ್ದ ಹಕ್ಕಿ ಅದು, ಸಾಮಾನ್ಯ ಹಕ್ಕಿ ಅಂತ ಎಲ್ಲರೂ ಬರೆಯದೆ ಬಿಟ್ಟಿದ್ದರೆ ಅದು ಕಮ್ಮಿಯಾಗಿದ್ದು ಲೆಕ್ಕಕ್ಕೇ ಸಿಗುತ್ತಿರಲಿಲ್ಲ.

ಹದಿನೈದು ನಿಮಿಷ ಸಾಕು. ಶುರು ಮಾಡಿದ ಹೊತ್ತು ಬರೆಯಿರಿ, ಆ ಹದಿನೈದು ನಿಮಿಷದಲ್ಲಿ ಕಂಡ, ದನಿ ಕೇಳಿ ಗುರುತು ಹಿಡಿದ ಎಲ್ಲ ಹಕ್ಕಿಯನ್ನೂ ಬರೆಯಿರಿ, ಎಷ್ಟು ಅಂತಲೂ ಬರೆಯಿರಿ. ಚೆಂದದ್ದನ್ನು ಮಾತ್ರ ಆರಿಸಬೇಡಿ. ಎಲ್ಲವನ್ನೂ ಬರೆದಾಗ ಮಾತ್ರ, ಪಟ್ಟಿಯಲ್ಲಿ ಇಲ್ಲದ ಹಕ್ಕಿ ಆವತ್ತು ನಿಮ್ಮ ಕಣ್ಣಿಗೆ ಬೀಳಲಿಲ್ಲ ಅಂತ ಲೆಕ್ಕ ಹಾಕಬಹುದು. ಗುರುತು ಸಿಗದ ಹಕ್ಕಿಗೆ ಅಂದಾಜಿನ ಹೆಸರು ಕೊಡಬೇಡಿ. ‘ಗೊತ್ತಾಗಲಿಲ್ಲ, ಗುಬ್ಬಿಗಿಂತ ಚಿಕ್ಕದು, ಹೊಟ್ಟೆ ಹಳದಿ’ ಅಂತ ಬರೆದರೆ ಅದು ತಪ್ಪು ಹೆಸರಿಗಿಂತ ಎಷ್ಟೋ ಮೇಲು. ಹೆಸರು ಕನ್ನಡದಲ್ಲೇ ಇರಲಿ, ನಿಮ್ಮ ಅಜ್ಜಿ ಹೇಳುತ್ತಿದ್ದ ಹೆಸರಿದ್ದರೆ ಅದನ್ನೂ ಪಕ್ಕದಲ್ಲಿ ಬರೆದಿಡಿ, ಎಷ್ಟೋ ಹೆಸರು ಹಾಗೇ ಮರೆತುಹೋಗಿವೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಮನೆಯಂಗಳದ ಹಕ್ಕಿ ಎಣಿಕೆ ನಡೆಯುತ್ತದೆ. ಮಗನೋ ಮಗಳೋ ಮೊಬೈಲಿನಲ್ಲಿ ಪಟ್ಟಿ ಹಾಕಲು ಸಹಾಯ ಮಾಡಿದರೆ ಅಲ್ಲಿಂದಲೇ ಶುರು ಮಾಡಬಹುದು.

ಪ್ರಶ್ನೆ: ನಮ್ಮ ತೋಟಕ್ಕೆ ಚಳಿಗಾಲದಲ್ಲಿ ನವರಂಗ ಬರುತ್ತದೆ. ಮೊಬೈಲಿನಲ್ಲಿ ಅದರ ಕೂಗು ಹಾಕಿದರೆ ಹತ್ತಿರ ಬರುತ್ತದೆ, ಫೋಟೊ ಚೆನ್ನಾಗಿ ಸಿಗುತ್ತದೆ. ಇದರಲ್ಲಿ ತಪ್ಪೇನು?
— ಕಾಫಿ ಬೆಳೆಗಾರ, ಚಿಕ್ಕಮಗಳೂರು

ಉತ್ತರ: ಅದು ಬರುವುದು ನಿಮ್ಮ ಮೇಲಿನ ಪ್ರೀತಿಯಿಂದಲ್ಲ, ತನ್ನ ಜಾಗಕ್ಕೆ ಇನ್ನೊಂದು ನವರಂಗ ನುಗ್ಗಿದೆ ಅಂತ ಜಗಳಕ್ಕೆ. ಎಲೆ ಕೆದಕಿ ಹುಳ ತಿನ್ನಬೇಕಾದ ಹೊತ್ತಿನಲ್ಲಿ ಇಲ್ಲದ ಶತ್ರುವನ್ನು ಹುಡುಕುತ್ತಾ ಅಲೆಯುತ್ತದೆ. ಬೇಡ. ನವರಂಗ ಬೆಳಗಿನ ಜಾವ, ಸಂಜೆ ಕತ್ತಲಾಗುವ ಮುಂಚೆ ತಾನಾಗಿಯೇ ಕೂಗುತ್ತದೆ. ಐದೂವರೆಗೆ ಹೋಗಿ ಕಾಫಿ ಗಿಡದ ಸಾಲಿನಲ್ಲಿ ಅಲುಗಾಡದೆ ಕೂತಿರಿ, ಎರಡು ದಿನ ಸಿಗದಿದ್ದರೆ ಮೂರನೇ ದಿನ ಸಿಗುತ್ತದೆ. ಸಿಕ್ಕಿದ ಫೋಟೊ ನಮಗೂ ಕಳಿಸಿ. ಎಸ್ಟೇಟ್ ಹೆಸರು ಹಾಕದೆ ಪ್ರಕಟಿಸುತ್ತೇನೆ.