ಪ್ರತಿಕ್ರಿಯೆ: ಗಂಡನು ‘ತಲೆ’ ಎಂಬ ಮಾತಿನ ಅರ್ಥ

ಸಹೋದರರೇ, ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ 5:23ರಲ್ಲಿ ಗಂಡನು ಹೆಂಡತಿಗೆ ತಲೆ ಎಂದಿರುವುದರಿಂದ ಆಕೆಯ ಉದ್ಯೋಗದ ವಿಷಯದಲ್ಲಿ ಕೊನೆಯ ಮಾತು ನಿಮ್ಮದೇ ಆಗಬೇಕಲ್ಲವೇ ಎಂದು ಕೇಳಿದ್ದೀರಿ. ಆ ಒಂದು ವಚನವನ್ನು ಮಾತ್ರ ಕಿತ್ತು ಓದಬಾರದೆಂಬುದು ನನ್ನ ವಿನಂತಿ. 21ನೆಯ ವಚನವು ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕೆನ್ನುತ್ತದೆ. ಅತಿ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ 22ನೆಯ ವಚನಕ್ಕೆ ತನ್ನದೇ ಕ್ರಿಯಾಪದವಿಲ್ಲ, ಅದು 21ರಿಂದಲೇ ಅರ್ಥ ಪಡೆಯುತ್ತದೆ. ಇನ್ನು 25ನೆಯ ವಚನವು ಗಂಡನ ಮೇಲೆ ಹೊರಿಸುವುದು, ಕ್ರಿಸ್ತನು ಸಭೆಗಾಗಿ, ಅಂದರೆ ತನ್ನನ್ನು ನಂಬಿದವರ ಸಮುದಾಯಕ್ಕಾಗಿ, ತನ್ನನ್ನೇ ಒಪ್ಪಿಸಿಕೊಟ್ಟಂತೆ ಪ್ರೀತಿಸುವ ಹೊಣೆಯನ್ನು.

ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಶಿಲುಬೆಯ ಮರಣ ಎದುರಿಗಿದ್ದಾಗಲೇ ಯೇಸು ಸ್ವಾಮಿಯು ಊಟದಿಂದೆದ್ದು, ಮೇಲುಹೊದಿಕೆಯನ್ನು ತೆಗೆದಿಟ್ಟು, ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು, ಬೋಗುಣಿಗೆ ನೀರು ಹೊಯ್ದು, ಶಿಷ್ಯರ ಕಾಲುಗಳನ್ನು ತೊಳೆದನು. ತನ್ನನ್ನು ಹಿಡಿದುಕೊಡಲಿದ್ದ ಯೂದನೂ ಆಗ ಅಲ್ಲಿಯೇ ಇದ್ದನು. ಪುರುಷತ್ವದ ಬಗ್ಗೆ ಇದಕ್ಕಿಂತ ದೊಡ್ಡ ಚಿತ್ರವನ್ನು ನಾನು ಕಂಡಿಲ್ಲ.

ನಮ್ಮ ತಂದೆಯವರು ಸಭೆಯ ಹಿರಿಯರಾಗಿದ್ದರು. ತಾಯಿ ಹಾಸಿಗೆ ಹಿಡಿದ ಮೇಲೆ ಪ್ರತಿ ಸಂಜೆ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಆಕೆಯ ಪಾದಗಳನ್ನು ಒರೆಸುತ್ತಿದ್ದರು, ಆ ಕೆಲಸವನ್ನು ನಮಗೆ ಬಿಟ್ಟುಕೊಟ್ಟವರಲ್ಲ. ಹಾಗಾಗಿ ತೀರ್ಮಾನಕ್ಕೆ ಬರುವ ಮೊದಲು ನಿಮ್ಮ ಹೆಂಡತಿಯ ಮಾತನ್ನು ನಡುವೆ ತಡೆಯದೆ ಪೂರ್ತಿ ಕೇಳಿರಿ. ಆಮೇಲೆ ಇಬ್ಬರೂ ಕೂಡಿ ಪ್ರಾರ್ಥಿಸಿರಿ.