ಬಂಗಾರಪೇಟೆಯ ಹುಡುಗಿ ಪರ್ತ್‌ಗೆ ಮೆಟಲರ್ಜಿ ಪಿಎಚ್‌ಡಿ ಮಾಡಲು ಬರಬೇಕಾ?

ತಂಗಿ, ನೀನು ಕೇಳಿದ್ದು ಇಷ್ಟು. ಸುರತ್ಕಲ್‌ನಲ್ಲಿ ಮೆಟಲರ್ಜಿ, ಅಂದರೆ ಅದಿರಿನಿಂದ ಲೋಹ ತೆಗೆಯುವ ವಿದ್ಯೆಯಲ್ಲಿ, ಎಂಟೆಕ್ ಮುಗಿಯುತ್ತಿದೆ. ಊರು ಬಂಗಾರಪೇಟೆ, ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ದುಡಿದವರು. ಪಶ್ಚಿಮ ಆಸ್ಟ್ರೇಲಿಯಾಗೆ ಪಿಎಚ್‌ಡಿಗೆ ಬರಬೇಕಾ? ಬಂದರೆ ಮೈನಿಂಗಾ, ಮೆಟಲರ್ಜಿನಾ, ಪೆಟ್ರೋಲಿಯಮ್ಮಾ? ಒಬ್ಬಳೇ ಇರೋಕೆ ಆಗುತ್ತಾ? ಕೊನೆಯ ಪ್ರಶ್ನೆ ನಿಮ್ಮಮ್ಮನದು ಅಂತ ಗೊತ್ತಾಯಿತು. ಅದಕ್ಕೂ ಬರುತ್ತೇನೆ.

ಬರಬಹುದು. ಆದರೆ ದೇಶ ನೋಡಿ ಬರಬೇಡ, ರ‍್ಯಾಂಕಿಂಗ್ ನೋಡಿಯೂ ಬರಬೇಡ. ಯಾವ ಲ್ಯಾಬಿನಲ್ಲಿ ಯಾವ ಅದಿರಿನ ಮೇಲೆ ಕೆಲಸ ನಡೆಯುತ್ತಿದೆ, ಅದಕ್ಕೆ ದುಡ್ಡು ಯಾರದು, ಗೈಡ್ ಎಂಥವರು ಎಂದು ನೋಡಿಕೊಂಡು ಬಾ. ನಮ್ಮ ವಿಷಯದಲ್ಲಿ ಮುಂದಿನ ಹತ್ತು ವರ್ಷದ ಬದುಕು ಈ ಮೂರರ ಮೇಲೆಯೇ ನಿಂತಿರುತ್ತದೆ.

ಅದಿರಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಬೆಣಚುಕಲ್ಲಿನ ಪಟ್ಟೆ. ಅದರಲ್ಲಿದ್ದ ಚಿನ್ನ ಹೆಚ್ಚಿನಂಶ ಬಿಡಿಬಿಡಿಯಾಗಿತ್ತು. ಅರೆದು ಸೈನೈಡಿಗೆ ಹಾಕಿದರೆ ಕರಗುತ್ತಿತ್ತು. ಪಶ್ಚಿಮ ಆಸ್ಟ್ರೇಲಿಯಾದ ಗಣಿ ಊರು ಕಾಲ್ಗೂರ್ಲಿಯ ಚಿನ್ನ ಅಷ್ಟು ಸಾಧು ಅಲ್ಲ. ಒಂದಿಷ್ಟು ಟೆಲ್ಯುರಿಯಂ ಎಂಬ ಧಾತುವಿನ ಜೊತೆ ಸೇರಿಕೊಂಡಿರುತ್ತದೆ, ಇನ್ನೊಂದಿಷ್ಟು ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜದ ಕಣದ ಒಳಗೆ ಅಡಗಿರುತ್ತದೆ. ಸೈನೈಡ್ ಅಲ್ಲಿಗೆ ತಲುಪುವುದೇ ಇಲ್ಲ. ಮೊದಲು ಇದನ್ನು ಕುಲುಮೆಯಲ್ಲಿ ಹುರಿಯುತ್ತಿದ್ದರು, ಗಂಧಕದ ಹೊಗೆ ಏಳುತ್ತಿತ್ತು. ಈಗ ಹತ್ತು ಮೈಕ್ರಾನಿನ ಆಸುಪಾಸಿಗೆ, ಮುಟ್ಟಿದರೆ ಟಾಲ್ಕಂ ಪೌಡರಿನ ಹಾಗೆ ಆಗುವವರೆಗೆ ಅರೆಯುತ್ತಾರೆ.

ಆಮೇಲೆ ನೀರು. ನೀನು ಓದಿದ ಪುಸ್ತಕದಲ್ಲಿ ಸೈನೈಡ್ ದ್ರಾವಣದ ಪಿಎಚ್ (ಆಮ್ಲವೋ ಕ್ಷಾರವೋ ಎಂದು ತೋರಿಸುವ ಅಳತೆ) 10.5ರ ಮೇಲಿರಬೇಕು ಎಂದು ಬರೆದಿರುತ್ತದೆ. ಕೆಳಗಿಳಿದರೆ ಅದು ವಿಷಗಾಳಿಯಾಗಿ ಹಾರಿಹೋಗುತ್ತದೆ, ಪ್ರಾಣಕ್ಕೂ ಕೇಡು, ದುಡ್ಡಿಗೂ ಕೇಡು. ಸುಣ್ಣ ಹಾಕಿದರೆ ಪಿಎಚ್ ಏರುತ್ತದೆ, ಪಾಠ ಮುಗಿಯಿತು. ಆದರೆ ಕಾಲ್ಗೂರ್ಲಿಯ ಅಂತರ್ಜಲ ಸಮುದ್ರಕ್ಕಿಂತ ಎಷ್ಟೋ ಪಟ್ಟು ಉಪ್ಪು, ಮೆಗ್ನೀಸಿಯಂ ವಿಪರೀತ. ಎಷ್ಟು ಸುಣ್ಣ ಸುರಿದರೂ ಮೆಗ್ನೀಸಿಯಂ ನುಂಗುತ್ತಾ ಹೋಗುತ್ತದೆ, ಪಿಎಚ್ ಒಂಬತ್ತರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಕುಡಿಯುವ ನೀರಂತೂ ಪರ್ತ್ ಹತ್ತಿರದ ಮಂಡಾರಿಂಗ್ ಅಣೆಕಟ್ಟಿನಿಂದ 500 ಕಿಲೋಮೀಟರಿಗೂ ಜಾಸ್ತಿ ದೂರ ಪೈಪಿನಲ್ಲೇ ಬರುತ್ತದೆ, 1903ರಿಂದಲೂ. (ನಮ್ಮಲ್ಲಿ 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ತಂದರು. ಚಿನ್ನ ಇದೆ ಅಂದರೆ ಸರ್ಕಾರಗಳಿಗೆ ಎಲ್ಲಿಲ್ಲದ ಹುರುಪು ಬರುತ್ತದೆ. ಕೋಲಾರದ ರೈತನಿಗೆ ನೀರು ಬೇಕು ಅಂದಾಗ ಆ ಹುರುಪು ಕಾಣಲಿಲ್ಲ.)

ಇಂಥ ಕಡೆಯೇ ಸಂಶೋಧನೆಗೆ ಜಾಗ ಇರುವುದು. ಪುಸ್ತಕದ ಉತ್ತರ ಕೈಕೊಡುವಲ್ಲಿ. ಪರ್ತ್‌ನ ಕರ್ಟಿನ್ ವಿಶ್ವವಿದ್ಯಾಲಯದವರು ಗ್ಲೈಸಿನ್ ಬಳಸಿ ತಾಮ್ರ, ಚಿನ್ನ ಕರಗಿಸುವ ವಿಧಾನ ಕಂಡುಹಿಡಿದದ್ದು ಇಂಥ ತಲೆನೋವಿನಿಂದಲೇ. ಗ್ಲೈಸಿನ್ ಅಂದರೆ ವಿಷವಲ್ಲ, ನಮ್ಮ ಮೈಯಲ್ಲೇ ಇರುವ ಅಮೈನೋ ಆಮ್ಲ. ಚಿನ್ನದ ಜೊತೆ ತಾಮ್ರ ಇರುವ ಅದಿರಿಗೆ ಒಂದಿಷ್ಟು ಗ್ಲೈಸಿನ್ ಸೇರಿಸಿದರೆ ಸೈನೈಡ್ ಖರ್ಚು ಇಳಿಯುತ್ತದೆ. ಅದೇ ವಿಶ್ವವಿದ್ಯಾಲಯದ ಕೆಳಗೆ ಕಾಲ್ಗೂರ್ಲಿಯಲ್ಲಿ 1902ರ ಕಾಲದ ಗಣಿ ಶಾಲೆಯೂ ಇದೆ. ಅರ್ಜಿ ಹಾಕುವಾಗ ಕೇಳಿಕೋ, ನಿನ್ನ ಮೇಜು ಪರ್ತ್‌ನಲ್ಲೋ ಕಾಲ್ಗೂರ್ಲಿಯಲ್ಲೋ ಎಂದು. ಎರಡಕ್ಕೂ 600 ಕಿಲೋಮೀಟರ್ ಅಂತರ.

ದಿನದ ಕೆಲಸ ಹೇಗಿರುತ್ತದೆ ಅಂದೆಯಲ್ಲ. ಬಹುಪಾಲು ಬಾಟಲ್ ಉರುಳಿಸುವುದು! ಅರೆದ ಅದಿರು, ನೀರು, ಸುಣ್ಣ, ಸೈನೈಡ್ ಒಂದು ಬಾಟಲಿಗೆ ಹಾಕಿ ರೋಲರ್ ಮೇಲೆ ಇಡುತ್ತೀಯ. ಅದು 24 ಗಂಟೆಯೋ 48 ಗಂಟೆಯೋ ಗರಗರ ತಿರುಗುತ್ತಲೇ ಇರುತ್ತದೆ. ಎರಡನೆಯ ಗಂಟೆಗೆ, ನಾಲ್ಕಕ್ಕೆ, ಎಂಟಕ್ಕೆ ಸಿರಿಂಜಿನಲ್ಲಿ ಸ್ವಲ್ಪ ತೆಗೆದು ಸೋಸಿ, ಸಿಲ್ವರ್ ನೈಟ್ರೇಟ್ ಹನಿ ಹನಿ ಬಿಟ್ಟು ಸೈನೈಡ್ ಎಷ್ಟು ಉಳಿದಿದೆ ನೋಡಬೇಕು. ಹಳದಿ ದ್ರಾವಣ ತಟ್ಟನೆ ನಸುಗೆಂಪಿಗೆ ತಿರುಗುವ ಆ ಒಂದು ಹನಿ ಗುರುತಿಸುವುದು ಕಣ್ಣಿಗೆ ಅಭ್ಯಾಸ ಆಗಬೇಕು. ರಾತ್ರಿ ಎರಡು ಗಂಟೆಯ ಸ್ಯಾಂಪಲ್ ತೆಗೆಯಲು ಯಾರೂ ಬರುವುದಿಲ್ಲ, ನೀನೇ ಹೋಗಬೇಕು. ಸೈನೈಡ್ ಇರುವ ಕಡೆ ಒಬ್ಬಳೇ ಕೆಲಸ ಮಾಡಲು ಬಿಡುವುದೂ ಇಲ್ಲ, ಹಾಗಾಗಿ ಜೊತೆಗೆ ಒಬ್ಬರನ್ನು ಒಪ್ಪಿಸಿಕೊಂಡೇ ಹೋಗಬೇಕು. ಲ್ಯಾಬ್‌ಮೇಟ್‌ಗಳಿಗೆ ಆಗಾಗ ಚಿತ್ರಾನ್ನ ತಿನ್ನಿಸುವುದು ದಂಡವಲ್ಲ.

ಪೆಟ್ರೋಲಿಯಂ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಪರ್ತ್ ಗ್ಯಾಸ್ ಕಂಪನಿಗಳ ಊರು, ನಿಜ. ಆದರೆ 2014ರಲ್ಲಿ ಕಚ್ಚಾತೈಲದ ಬೆಲೆ ಕುಸಿದ ಮೇಲೆ ಆ ಕಡೆಯ ಸಂಶೋಧಕರಲ್ಲಿ ಅನೇಕರು ಕಾರ್ಬನ್ ಡೈಆಕ್ಸೈಡನ್ನು ನೆಲದಡಿ ತುಂಬಿಡುವ ವಿಷಯಕ್ಕೆ ಹೊರಳಿದರು. ಬ್ಯಾರೋ ದ್ವೀಪದ ಗೋರ್ಗಾನ್ ಗ್ಯಾಸ್ ಯೋಜನೆಯಲ್ಲಿ 2019ರಿಂದ ಅದನ್ನು ಮಾಡುತ್ತಿದ್ದಾರೆ, ಅಂದುಕೊಂಡಷ್ಟು ಒಳಗೆ ಇಳಿಯುತ್ತಿಲ್ಲ. ಒಳ್ಳೆಯ ವಿಷಯವೇ. ಆದರೆ ನೀನು ಆರು ವರ್ಷ ಓದಿದ್ದು ಅದಲ್ಲ. ಸುಮ್ನೆ ಹೆಸರಿಗೆ ಮರುಳಾಗಿ ಹಾರಬೇಡ.

ಮೈನಿಂಗ್ ಕಡೆ ಮನಸ್ಸಿದ್ದರೆ ರಾಕ್ ಮೆಕ್ಯಾನಿಕ್ಸ್, ಅಂದರೆ ಒತ್ತಡಕ್ಕೆ ಬಂಡೆ ಹೇಗೆ ವರ್ತಿಸುತ್ತದೆ ಎಂಬ ವಿದ್ಯೆ, ನೋಡು. ನಿಮ್ಮ ತಾತನ ಕಾಲದವರು ಏರ್‌ಬ್ಲಾಸ್ಟ್ ಎನ್ನುತ್ತಿದ್ದದ್ದು, ಆಳದಲ್ಲಿ ಒತ್ತಡ ತಾಳಲಾರದೆ ಬಂಡೆ ಸಿಡಿಯುವುದು, ಇಲ್ಲಿಯ ಗಣಿಗಳು ಆಳಕ್ಕಿಳಿದಂತೆ ಇಲ್ಲೂ ಶುರುವಾಗಿದೆ. ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಆಳ ಹೋಗಿತ್ತು. ಈ ವಿಷಯಕ್ಕಾಗಿಯೇ 1988ರಲ್ಲಿ ಕೆಜಿಎಫ್‌ನಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಹುಟ್ಟಿದ್ದು. ಈ ವಿದ್ಯೆಯಲ್ಲಿ ಕೋಲಾರದ ಹೆಸರು ಹಳೆಯದು, ಇಂಟರ್‌ವ್ಯೂನಲ್ಲಿ ಊರಿನ ಹೆಸರು ಹೇಳಲು ಹಿಂಜರಿಯಬೇಡ.

ಈಗ ದುಡ್ಡಿನ ಮಾತು. ಸ್ಕಾಲರ್‌ಶಿಪ್ ಇಲ್ಲದೆ ವಿಮಾನ ಹತ್ತಬೇಡ, ಜಮೀನು ಅಡವಿಟ್ಟಂತೂ ಬರಲೇಬೇಡ. ಸಿಕ್ಕರೆ ಫೀಸ್ ಮನ್ನಾ, ಮೇಲೆ ವರ್ಷಕ್ಕೆ 30 ಸಾವಿರ ಡಾಲರಿಗಿಂತ ಜಾಸ್ತಿ, ತೆರಿಗೆ ಇಲ್ಲ. ಮನೆ ಬಾಡಿಗೆ ಈಗ ಸಿಕ್ಕಾಪಟ್ಟೆ, ಹಂಚಿಕೊಂಡು ಇದ್ದರೆ ತೂಗಿಸಬಹುದು. ಪಿಎಚ್‌ಡಿ ಶುರುವಾದ ಮೇಲೆ ಇಷ್ಟೇ ಗಂಟೆ ದುಡಿಯಬೇಕು ಎಂಬ ವೀಸಾ ಮಿತಿ ಸಂಶೋಧನಾ ವಿದ್ಯಾರ್ಥಿಗಳಿಗೆ ಇಲ್ಲ. ಬೆಂಗಳೂರಿನ ಏಜೆಂಟರು ನಿನಗೆ ಕೋರ್ಸ್‌ವರ್ಕ್ ಮಾಸ್ಟರ್ಸ್ (ಬರೀ ಪಾಠ-ಪರೀಕ್ಷೆಯ ಪದವಿ) ಮಾರಲು ನೋಡುತ್ತಾರೆ, ಅವರ ಕಮಿಷನ್ ಇರುವುದು ಅದರಲ್ಲಿ. ಪಿಎಚ್‌ಡಿಗೆ ಏಜೆಂಟ್ ಬೇಡವೇ ಬೇಡ, ನೇರವಾಗಿ ಗೈಡ್‌ಗೆ ಬರೆ.

ಕಂಪನಿ ದುಡ್ಡಿನ ಪ್ರಾಜೆಕ್ಟ್ ಆದರೆ ಸಹಿ ಹಾಕುವ ಮುಂಚೆ ಕಾಗದ ಓದು. ಫಲಿತಾಂಶ ಪ್ರಕಟಿಸಲು ಅವರ ಒಪ್ಪಿಗೆ ಬೇಕಿರುತ್ತದೆ. ನನ್ನದೊಂದು ಪೇಪರ್ ಹಾಗೆಯೇ ಒಬ್ಬ ಮ್ಯಾನೇಜರ್ ಮೇಜಿನ ಮೇಲೆ ತಿಂಗಳುಗಟ್ಟಲೆ ಕೂತಿತ್ತು. ಲೋಹದ ಬೆಲೆ ಬಿದ್ದರೆ ಪ್ರಾಜೆಕ್ಟೇ ನಿಂತರೂ ನಿಲ್ಲಬಹುದು. ಇಂಡೋನೇಷ್ಯಾದ ಅಗ್ಗದ ನಿಕ್ಕಲ್ ಮಾರುಕಟ್ಟೆ ತುಂಬಿ, 2024ರಲ್ಲಿ ಇಲ್ಲಿ ನಿಕ್ಕಲ್ ಗಣಿಗಳು ಒಂದರ ಹಿಂದೆ ಒಂದು ನಿಂತವು. 2001ರಲ್ಲಿ ಕೆಜಿಎಫ್ ಮುಚ್ಚಿದ ಮೇಲೆ ಬೆಳಗ್ಗೆ ಮಾರಿಕುಪ್ಪಂ ರೈಲು ತುಂಬಿ ಬೆಂಗಳೂರಿಗೆ ಹೋಗುವವರನ್ನು ನೋಡಿ ಬೆಳೆದವಳಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ವಿಶ್ವವಿದ್ಯಾಲಯದ ಅಥವಾ ಸರ್ಕಾರದ ಸ್ಕಾಲರ್‌ಶಿಪ್ ಮುಖ್ಯವಾಗಿರಲಿ, ಕಂಪನಿಯದು ಅದರ ಮೇಲೆ ಹೆಚ್ಚುವರಿಯಾಗಿರಲಿ.

ಇನ್ನು ನಿಮ್ಮಮ್ಮನಿಗೆ. ನಮ್ಮಲ್ಲಿ ಹೆಂಗಸರು ಗಣಿಯ ಒಳಗೆ ಇಳಿದು ಕೆಲಸ ಮಾಡಲು ಕಾನೂನು ಸ್ವಲ್ಪ ಸಡಿಲವಾದದ್ದೇ 2019ರಲ್ಲಿ. ಇಲ್ಲಿ ಹೆಂಗಸರು ದೊಡ್ಡ ದೊಡ್ಡ ಡಂಪರ್ ಓಡಿಸುತ್ತಾರೆ. ಸೈಟಿಗೆ ಹೋದ ದಿನ ಬೆಳಗ್ಗೆ ಕುಡಿದಿಲ್ಲ ಎಂದು ತೋರಿಸಲು ಎಲ್ಲರೂ ಮೆಷಿನ್‌ಗೆ ಊದಬೇಕು, ಮ್ಯಾನೇಜರ್ ಆದರೂ ಸರಿ. ನೆಲದಡಿಗೆ ಇಳಿಯುವ ಮುಂಚೆ ಬೋರ್ಡಿನ ಮೇಲೆ ನಿನ್ನ ಟ್ಯಾಗ್ ತಗುಲಿಸಬೇಕು, ಬಂದ ಮೇಲೆ ತೆಗೆಯಬೇಕು. ಮರೆತರೆ ಬ್ಲಾಸ್ಟಿಂಗ್ ನಿಲ್ಲಿಸಿ ನಿನ್ನನ್ನು ಹುಡುಕುತ್ತಾರೆ. ಈ ವಿಷಯದಲ್ಲಿ ಶಿಸ್ತು ಗಟ್ಟಿ.

ಎಲ್ಲ ಚೆನ್ನಾಗಿದೆ ಎಂದು ಸುಳ್ಳು ಹೇಳುವುದಿಲ್ಲ. ವಿಮಾನದಲ್ಲಿ ಹೋಗಿ ವಾರಗಟ್ಟಲೆ ಕ್ಯಾಂಪಿನಲ್ಲಿ ಇದ್ದು ಬರುವ ಗಣಿಗಳಲ್ಲಿ ಹೆಂಗಸರಿಗೆ ಆಗುವ ಕಿರುಕುಳದ ಬಗ್ಗೆ ಪಶ್ಚಿಮ ಆಸ್ಟ್ರೇಲಿಯಾದ ವಿಧಾನಸಭೆಯ ಸಮಿತಿಯೇ 2022ರಲ್ಲಿ ವರದಿ ಕೊಟ್ಟಿತು. ಓದಿದರೆ ಹೊಟ್ಟೆ ತೊಳಸುತ್ತದೆ. ಕ್ಯಾಂಪುಗಳಲ್ಲಿ ದೀಪ, ಬೀಗ, ಕ್ಯಾಮೆರಾ, ಕುಡಿತಕ್ಕೆ ಮಿತಿ ಎಂದು ಬದಲಾವಣೆ ಆಗುತ್ತಿವೆ. ಆದರೂ ಸ್ಯಾಂಪಲ್ ತರಲು ಸೈಟಿಗೆ ಹೋಗಬೇಕಾದರೆ ಜೊತೆಗೆ ಯಾರು ಬರುತ್ತಾರೆ, ರೂಮ್ ಎಲ್ಲಿ, ತೊಂದರೆ ಆದರೆ ಯಾರಿಗೆ ಫೋನ್ ಮಾಡಬೇಕು ಎಂದು ಮೊದಲೇ ಕೇಳು. ಹೀಗೆ ಕೇಳಿದ್ದಕ್ಕೆ ಮುಖ ಸಿಂಡರಿಸುವ ಗೈಡ್ ಬೇಡ. ಅವರ ಈಗಿನ ವಿದ್ಯಾರ್ಥಿನಿಯರ ಜೊತೆ ಒಂದು ಸಲ ಮಾತಾಡಿಯೇ ಒಪ್ಪಿಕೋ.

ಊಟ, ಭಾಷೆ ಚಿಂತೆ ಬೇಡ. ಪರ್ತ್‌ನಲ್ಲಿ ರಾಗಿ ಹಿಟ್ಟು ಸಿಗುತ್ತದೆ, ಕನ್ನಡದವರು ಸಿಗುತ್ತಾರೆ. ಬಂಗಾರಪೇಟೆ ಪಾನಿಪುರಿ ಮಾತ್ರ ಇಲ್ಲ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಕಡೆಯ ಸೈನೈಡ್ ಗುಡ್ಡಗಳ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿಗಳ ಬಗ್ಗೆ ಎರಡು ಪುಟ ಬರೆ. ಮೂರು ಕೋಟಿ ಟನ್ನಿಗೂ ಜಾಸ್ತಿ ಪುಡಿ ಅಲ್ಲಿ ಬಿದ್ದಿದೆ, ಬೇಸಿಗೆ ಗಾಳಿಗೆ ಮನೆಯೊಳಗೆ ಬರುತ್ತದೆ. ಕಾಲ್ಗೂರ್ಲಿಯಲ್ಲಿ 1990ರ ದಶಕದಲ್ಲಿ ಇಂಥದ್ದೇ ಹಳೆಯ ಗುಡ್ಡಗಳನ್ನು ನೀರಿನಲ್ಲಿ ಕದಡಿ, ಉಳಿದಿದ್ದ ಚಿನ್ನ ತೆಗೆದು, ಮಿಕ್ಕಿದ್ದನ್ನು ಊರಾಚೆ ಸಾಗಿಸಿದರು. ನಿಮ್ಮ ಗುಡ್ಡಕ್ಕೆ ಅದು ಒಗ್ಗುತ್ತಾ, ಒಗ್ಗದಿದ್ದರೆ ಯಾಕೆ, ಏನು ಪರೀಕ್ಷೆ ಮಾಡಿದರೆ ತಿಳಿಯುತ್ತದೆ? ಗೈಡ್‌ಗೆ ಬರೆಯುವ ಪತ್ರದ ಜೊತೆ ಅದನ್ನೇ ಕಳಿಸು, "ರೆಸ್ಪೆಕ್ಟೆಡ್ ಸರ್" ಎಂದು ಒಂದೇ ಪತ್ರ ಐವತ್ತು ಜನಕ್ಕೆ ಕಳಿಸಬೇಡ. ಮೊದಲು ನನಗೆ ತೋರಿಸು, ತಿದ್ದಿ ಕೊಡುತ್ತೇನೆ. ಫೋನ್ ಮಾಡುವುದಾದರೆ ಭಾನುವಾರ ಮಾಡು, ಆದರೆ ನಿಮ್ಮ ಏಳು ಗಂಟೆಯೊಳಗೆ. ಇಲ್ಲಿ ಗಡಿಯಾರ ಎರಡೂವರೆ ಗಂಟೆ ಮುಂದೆ ಇರುತ್ತದೆ, ಆಮೇಲೆ ನಾನು ಮಲಗಿಬಿಡುತ್ತೇನೆ.